ಮಣ್ಣಿನ ಗೋಡೆ, ಬಿಳಿ ಮರಳು: ನ್ಯೂ ಮೆಕ್ಸಿಕೊದಲ್ಲಿ ನೆರಳನ್ನು ಫೋಟೊ ತೆಗೆಯುವುದು ಹೇಗೆ?

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯಕ್ಕೆ ಹೋಗಿ ಬಂದವರ ಫೋನ್ ಒಮ್ಮೆ ಇಸ್ಕೊಂಡು ನೋಡಿ. ಕಡು ನೀಲಿ ಆಕಾಶ, ಕಂದು ಬಣ್ಣದ ಚರ್ಚು, ಅದರ ಮುಂದೆ ಸಾಲಾಗಿ ನಿಂತ ಮನೆಮಂದಿ. ನೆನಪಿಗೆ ಅಷ್ಟು ಸಾಕು. ಆದರೆ ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕುವಂಥ, ವರ್ಷಗಟ್ಟಲೆ ಕಣ್ಣಿಗೆ ಬಿದ್ದರೂ ಬೇಜಾರಾಗದಂಥ ಚಿತ್ರ ಬೇಕು ಅಂದ್ರೆ ಸ್ವಲ್ಪ ಬೇರೆ ಥರ ಕೆಲಸ ಮಾಡಬೇಕು. ಅಲ್ಲಿನ ಮರುಭೂಮಿಯಲ್ಲೂ ಮಣ್ಣಿನ ಕಟ್ಟಡಗಳಲ್ಲೂ ಬಣ್ಣ ಕಡಿಮೆ, ಅಲಂಕಾರ ಇಲ್ಲವೇ ಇಲ್ಲ. ಇರುವುದು ಬಿಸಿಲು ಮತ್ತು ನೆರಳು. ನೆರಳು ಹುಡುಕಿಕೊಂಡು ಹೋದವರಿಗೆ ಚಿತ್ರ ಸಿಗುತ್ತದೆ, ಉಳಿದವರಿಗೆ ಪೋಸ್ಟ್‌ಕಾರ್ಡ್ ಸಿಗುತ್ತದೆ.

ಎರಡೇ ಜಾಗ ಸಾಕು

ನೋಡಬೇಕಾದ್ದು ಆ ರಾಜ್ಯದಲ್ಲಿ ಬೇಕಾದಷ್ಟಿದೆ. ಫೋಟೊಗೆ ಅಂತ ಹೋಗುವುದಾದರೆ ಪಟ್ಟಿ ಚಿಕ್ಕದಿರಲಿ. ಉತ್ತರದಲ್ಲಿ ಟಾವೋಸ್ ಊರಿನ ಪಕ್ಕದ ರಾಂಚೋಸ್ ಡಿ ಟಾವೋಸ್‌ನಲ್ಲಿರುವ ಸಂತ ಫ್ರಾನ್ಸಿಸ್ ಚರ್ಚು. ದಕ್ಷಿಣದಲ್ಲಿ ಅಲಮೊಗೊರ್ಡೊ ಹತ್ತಿರದ ವೈಟ್ ಸ್ಯಾಂಡ್ಸ್ ರಾಷ್ಟ್ರೀಯ ಉದ್ಯಾನ. ಎರಡರ ನಡುವೆ ಸುಮಾರು 550 ಕಿ.ಮೀ. ಇದೆ, ಅಲ್ಬುಕರ್ಕಿ ನಡುದಾರಿಯಲ್ಲಿ ಸಿಗುತ್ತದೆ. ಒಂದೇ ದಿನದಲ್ಲಿ ಎರಡೂ ಮುಗಿಸುವ ಆಸೆ ಬೇಡ. ಒಂದೊಂದು ಕಡೆಗೂ ಎರಡೆರಡು ದಿನವಾದರೂ ಇಟ್ಟುಕೊಳ್ಳಿ, ಯಾಕಂದ್ರೆ ಮೊದಲ ದಿನ ಹೋಗುವುದು ಬಿಸಿಲು ಎಲ್ಲಿಂದ ಎಲ್ಲಿಗೆ ಸರಿಯುತ್ತದೆ ಅಂತ ತಿಳಿಯುವುದರಲ್ಲೇ.

ಗೋಡೆ ಯಾವುದರಿಂದ ಆಗಿದೆ ಅಂತ ಮೊದಲು ತಿಳಿಯಿರಿ

ರಾಂಚೋಸ್ ಚರ್ಚಿನ ಕಟ್ಟಡ ಮುಗಿದದ್ದು 1816ರ ಹೊತ್ತಿಗೆ. ಸುಡದ ಹಸಿ ಇಟ್ಟಿಗೆ, ಮೇಲೆ ಮಣ್ಣು ಮತ್ತು ಒಣಹುಲ್ಲು ಕಲಸಿದ ಮೆತ್ತಿಗೆ. ಹಿಂಭಾಗದಲ್ಲಿ ಗೋಡೆ ಹೊರಕ್ಕೆ ವಾಲದಂತೆ ತಡೆಯುವ ದಪ್ಪ ದಪ್ಪ ಒತ್ತುಗೋಡೆಗಳಿವೆ. ಅವಕ್ಕೆ ನೇರ ಅಂಚು ಅನ್ನುವುದೇ ಇಲ್ಲ. ಕೆಳಗೆ ಅಗಲ, ಮೇಲೆ ಹೋದಂತೆ ಸಣ್ಣ. ನಮ್ಮ ವಿಜಯಪುರ, ಬಾಗಲಕೋಟೆ ಕಡೆಯ ಹಳೇ ಮಾಳಿಗೆ ಮನೆಗಳ ಮೂಲೆ ಮಳೆಗೆ ಸವೆದು ದುಂಡಗಾಗಿರುತ್ತದಲ್ಲ, ಸುಮಾರಾಗಿ ಹಾಗೇ. ಆದರೆ ಗಾತ್ರ ಮಾತ್ರ ಆನೆಯಷ್ಟು.

ಈ ಮೆತ್ತಿಗೆ ಮಳೆಗೆ, ಹಿಮಕ್ಕೆ ಕರಗುತ್ತದೆ. ಹಾಗಾಗಿ ವರ್ಷವರ್ಷವೂ ಬೇಸಿಗೆ ಶುರುವಿನಲ್ಲಿ ಊರವರೇ ಸೇರಿ, ಹೆಚ್ಚಾಗಿ ಜೂನ್‌ನಲ್ಲಿ, ಮತ್ತೆ ಮಣ್ಣು ಮೆತ್ತುತ್ತಾರೆ. 1967ರಲ್ಲಿ ಈ ಕಷ್ಟವೇ ಬೇಡ ಅಂತ ಗಟ್ಟಿ ಸಿಮೆಂಟ್ ಪ್ಲಾಸ್ಟರ್ ಹಾಕಿಸಿದ್ದರು. ಒಳಗೆ ಸೇರಿದ ನೀರು ಹೊರಗೆ ಬರಲು ದಾರಿ ಇಲ್ಲದೆ ಇಟ್ಟಿಗೆಯೇ ಕೊಳೆಯತೊಡಗಿತು. 1979ರಲ್ಲಿ ಅದನ್ನು ಕಿತ್ತು ಹಾಕಿ ಮತ್ತೆ ಮಣ್ಣಿಗೇ ಬಂದರು.

ಫೋಟೊಗೂ ಇದಕ್ಕೂ ಏನು ಸಂಬಂಧ ಅಂದ್ರೆ, ಸಿಮೆಂಟ್ ಗೋಡೆ ಸಪಾಟಾಗಿರುತ್ತದೆ, ಮಣ್ಣಿನ ಗೋಡೆ ಹಾಗಿರುವುದಿಲ್ಲ. ಹತ್ತಿರ ಹೋಗಿ, ಒಂದು ಮೊಳ ದೂರದಿಂದ ನೋಡಿ. ಅಂಗೈ ಸವರಿದ ಗುರುತು ಕಮಾನಿನ ಹಾಗೆ ಕಾಣುತ್ತದೆ. ಒಣಹುಲ್ಲಿನ ತುಂಡುಗಳು ಅಲ್ಲಲ್ಲಿ ಹೊರಗೆ ಇಣುಕುತ್ತಿರುತ್ತವೆ. ಓರೆ ಬಿಸಿಲು ಬಿದ್ದಾಗ ಒಂದೊಂದು ಹುಲ್ಲಿನ ಚೂರಿಗೂ ಅದರದೇ ಒಂದು ಎಳೆ ನೆರಳು. ಹೊಸದಾಗಿ ಮೆತ್ತಿದ ಗೋಡೆಯಲ್ಲಿ ಈ ಗುರುತುಗಳು ಚೂಪಾಗಿರುತ್ತವೆ, ಒಂದು ಚಳಿಗಾಲ ಕಳೆದ ಮೇಲೆ ಮಸುಕಾಗಿ ಬಿರುಕು ಬಿಟ್ಟಿರುತ್ತವೆ. ನನಗೆ ಕೇಳಿದರೆ ಹಳೆಯದೇ ಚೆಂದ, ಆದರೆ ಅದು ಅವರವರ ರುಚಿ.

ಗಡಿಯಾರ ನೋಡಬೇಡಿ, ಗೋಡೆ ನೋಡಿ

ಬೆಳಗಿನ ಮೊದಲ ಗಂಟೆ, ಸಂಜೆಯ ಕೊನೆಯ ಗಂಟೆ, ಅದೇ ಗೋಲ್ಡನ್ ಅವರ್, ಆಗ ಮಾತ್ರ ಕ್ಯಾಮೆರಾ ಹೊರಗೆ ತೆಗೀಬೇಕು ಅನ್ನುವ ಪಾಠ ಇಲ್ಲಿ ಅರ್ಧ ಮಾತ್ರ ನಿಜ. ಮರಳಿಗೆ ಸರಿ. ಗೋಡೆಗೆ ಸರಿಯಿಲ್ಲ.

ಕಾರಣ ಸರಳ. ಚರ್ಚಿನ ಹಿಂಭಾಗ ಇರುವುದು ಪಶ್ಚಿಮದ ಕಡೆಗೆ. ಸಂಜೆ ಸೂರ್ಯ ಕೆಳಗಿಳಿದಾಗ ಬೆಳಕು ಗೋಡೆಗೆ ಎದುರಿನಿಂದ ಬಡಿಯುತ್ತದೆ. ಬಣ್ಣವೇನೋ ಬೆಲ್ಲದಂತೆ ಬರುತ್ತದೆ, ಆದರೆ ಗೋಡೆಯ ಉಬ್ಬುತಗ್ಗೆಲ್ಲ ಮಾಯ. ಅದೇ ಸೂರ್ಯ ನೆತ್ತಿ ದಾಟಿ ಪಶ್ಚಿಮಕ್ಕೆ ಆಗಷ್ಟೇ ವಾಲುತ್ತಿರುವಾಗ ಬೆಳಕು ಗೋಡೆಗೆ ಸವರಿಕೊಂಡು ಜಾರುತ್ತದೆ. ಅಂಗೈ ಗುರುತು, ಹುಲ್ಲು, ಬಿರುಕು ಎಲ್ಲ ಎದ್ದು ಕಾಣುವುದು ಆಗಲೇ. ಬೇಸಿಗೆಯಲ್ಲಿ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಸೂರ್ಯ ನೆತ್ತಿಗೆ ಬರುವುದೇ ಹೆಚ್ಚುಕಡಿಮೆ ಒಂದು ಗಂಟೆಗೆ. ಅಂದರೆ ಮಧ್ಯಾಹ್ನ ಒಂದೂವರೆಯಿಂದ ಮೂರರವರೆಗೆ, ಎಲ್ಲರೂ ಊಟಕ್ಕೆ ಹೋಗಿರುವ ಹೊತ್ತಿನಲ್ಲಿ, ನಿಮಗೆ ಕೆಲಸ.

ಒಂದು ಸುಲಭದ ಪರೀಕ್ಷೆ ಇದೆ. ಜೇಬಿನ ಪೆನ್ನನ್ನು ಗೋಡೆಗೆ ನೇರವಾಗಿ, ತುದಿ ಮಾತ್ರ ತಾಗಿಯೂ ತಾಗದ ಹಾಗೆ ಹಿಡಿಯಿರಿ. ನೆರಳು ಪೆನ್ನಿಗಿಂತ ಚಿಕ್ಕದಿದ್ದರೆ ಬೆಳಕು ಎದುರಿನಿಂದ ಬರುತ್ತಿದೆ, ಕಾಯಬೇಕು ಇಲ್ಲವೇ ಬೇರೆ ಗೋಡೆ ಹುಡುಕಬೇಕು. ಪೆನ್ನಿನ ಮೂರು ಪಟ್ಟು ಉದ್ದ ಇದ್ದರೆ ತಡಮಾಡಬೇಡಿ. ಯಾವ ಊರಿನ ಯಾವ ಗೋಡೆಗಾದರೂ ಇದು ನಡೆಯುತ್ತದೆ, ವಿಮಾನ ಹತ್ತುವ ಮೊದಲು ನಿಮ್ಮ ಬೀದಿಯಲ್ಲೇ ಕಲಿಯಬಹುದು.

ಏನನ್ನು ಬಿಡಬೇಕು

ಹೆಸರಾಂತ ಫೋಟೊಗ್ರಾಫರ್‌ಗಳಾದ ಪಾಲ್ ಸ್ಟ್ರಾಂಡ್, ಆನ್ಸೆಲ್ ಆಡಮ್ಸ್ ಇಬ್ಬರೂ ಚರ್ಚಿನ ಇದೇ ಹಿಂಭಾಗದ ಫೋಟೊ ತೆಗೆದರು. ಚಿತ್ರಕಲಾವಿದೆ ಜಾರ್ಜಿಯಾ ಓಕೀಫ್ ಇದನ್ನು ಒಂದಕ್ಕಿಂತ ಹೆಚ್ಚು ಸಲ ಪೇಂಟ್ ಮಾಡಿದರು. ಮುಂಭಾಗದಲ್ಲಿ ಬಾಗಿಲು, ಎರಡು ಗಂಟೆಗೋಪುರ, ಶಿಲುಬೆ ಎಲ್ಲ ಇದ್ದರೂ ಅವರಿಗೆ ಬೇಕಾದದ್ದು ಏನೂ ಇಲ್ಲದ ಬೆನ್ನು. ಮುಂಭಾಗ ನೋಡಿದ ಕೂಡಲೇ ‘ಚರ್ಚು’ ಅಂತ ಗುರುತಿಸಿ ಕಣ್ಣು ಮುಂದೆ ಹೋಗುತ್ತದೆ. ಹಿಂಭಾಗದಲ್ಲಿ ಗುರುತಿಸಲು ಏನೂ ಸಿಗುವುದಿಲ್ಲ, ಹಾಗಾಗಿ ಆಕಾರವನ್ನೇ ನೋಡಬೇಕಾಗುತ್ತದೆ.

ಸುತ್ತ ವಾಹನ ನಿಲ್ಲುತ್ತವೆ, ಕರೆಂಟು ತಂತಿ ಇದೆ, ಫಲಕಗಳಿವೆ. ಅಗಲದ ಲೆನ್ಸ್ ಹಾಕಿದರೆ ಎಲ್ಲವೂ ಒಳಗೆ ಬರುತ್ತವೆ. ನೋಟವನ್ನು ಕಿರಿದಾಗಿಸುವ 50 ಎಂಎಂ ಅಥವಾ 85 ಎಂಎಂ ಲೆನ್ಸ್ ಹಾಕಿ. ಚಿತ್ರದಲ್ಲಿ ಮೂರು ಆಕಾರ ಇದ್ದರೆ ಸಾಕು: ಬೆಳಕಿನ ಒಂದು ಮುಖ, ನೆರಳಿನ ಒಂದು ಮುಖ, ಆಕಾಶದ ಒಂದು ತುಂಡು. ಆಕಾಶ ಬೇಡ ಅನ್ನಿಸಿದರೆ ಅದನ್ನೂ ಬಿಡಿ.

ಕ್ಯಾಮೆರಾವನ್ನು ಮೇಲಕ್ಕೆ ಎತ್ತಿ ಹಿಡಿಯಬೇಡಿ. ಗೋಡೆ ಮೊದಲೇ ಇಳಿಜಾರು, ನೀವೂ ಓರೆ ಹಿಡಿದರೆ ಇಡೀ ಚರ್ಚು ಹಿಂದಕ್ಕೆ ಬೀಳುವಂತೆ ಕಾಣುತ್ತದೆ. ಹಿಂದೆ ಸರಿದು, ಮಟ್ಟವಾಗಿ ಹಿಡಿದು ತೆಗೆದು, ಕೆಳಗಿನ ನೆಲವನ್ನು ಆಮೇಲೆ ಕತ್ತರಿಸಿ.

ಎಕ್ಸ್‌ಪೋಜರ್

ಟಾವೋಸ್ ಸಮುದ್ರಮಟ್ಟದಿಂದ ಸುಮಾರು 2,100 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳು, ತೇವ ಕಡಿಮೆ. ಬೆಳಕು ಚದುರುವುದು ಕಡಿಮೆ ಆದ್ದರಿಂದ ಬಿಸಿಲು ಕಣ್ಣು ಕುಕ್ಕುತ್ತದೆ, ನೆರಳು ಕಪ್ಪಗಿರುತ್ತದೆ. ಕ್ಯಾಮೆರಾ ಕಂಡದ್ದನ್ನೆಲ್ಲ ತಿದ್ದದೆ ಉಳಿಸುವ ರಾ ಫೈಲ್‌ನಲ್ಲೇ ತೆಗೆಯಿರಿ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) 100, ಲೆನ್ಸಿನ ಕಿಂಡಿ ಎಫ್ 8 ಅಥವಾ ಎಫ್ 11, ಟ್ರೈಪಾಡ್. ಬೆಳಕು ಬಿದ್ದ ಗೋಡೆಯ ಹುಲ್ಲು, ಬಿರುಕು ಉಳಿಯುವಂತೆ ಎಕ್ಸ್‌ಪೋಜರ್, ಅಂದ್ರೆ ಒಳಗೆ ಬಿಡುವ ಬೆಳಕಿನ ಪ್ರಮಾಣ, ಇಡಿ. ನೆರಳನ್ನು ಆಮೇಲೆ ಸ್ವಲ್ಪ ಎತ್ತಬಹುದು, ಸುಟ್ಟು ಬಿಳಿಯಾದ ಜಾಗವನ್ನು ವಾಪಸ್ ತರಲಾಗುವುದಿಲ್ಲ.

ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆ ಹೊಂದಿಸುವ ಸೆಟ್ಟಿಂಗ್) ಆಟೊದಲ್ಲಿ ಬೇಡ, ಡೇಲೈಟ್‌ನಲ್ಲಿ ಇಡಿ. ಒತ್ತುಗೋಡೆಯ ಸಂದಿಯ ನೆರಳನ್ನು ಗಮನಿಸಿ: ಆಕಾಶಕ್ಕೆ ತೆರೆದುಕೊಂಡ ನೆರಳು ನೀಲಿಯಾಗಿರುತ್ತದೆ, ಎದುರಿನ ಮಣ್ಣಿಗೆ ಮುಖ ಮಾಡಿದ ನೆರಳು ಒಳಗಿನಿಂದಲೇ ಕೆಂಪಗೆ ಬೆಳಗಿದ ಹಾಗಿರುತ್ತದೆ. ಒಂದೇ ಫ್ರೇಮ್‌ನಲ್ಲಿ ಎರಡು ಬಣ್ಣದ ನೆರಳು! ಆಟೊ ಇದನ್ನೆಲ್ಲ ಸರಿಮಾಡುತ್ತೇನೆ ಅಂತ ಹೋಗಿ ಸಪ್ಪೆ ಮಾಡಿಬಿಡುತ್ತದೆ.

ಬಿಳಿ ಮರಳಿನಲ್ಲಿ

ವೈಟ್ ಸ್ಯಾಂಡ್ಸ್‌ನ ಮರಳು ನಮಗೆ ಗೊತ್ತಿರುವ ಮರಳಲ್ಲ, ಜಿಪ್ಸಮ್. ಗಣಪತಿ ಮೂರ್ತಿ ಮಾಡುವ ಪಿಒಪಿ ತಯಾರಾಗುವುದು ಇದರಿಂದಲೇ. ಜಿಪ್ಸಮ್ ನೀರಿನಲ್ಲಿ ಕರಗುತ್ತದೆ, ಸಾಮಾನ್ಯವಾಗಿ ಹೊಳೆ ಸೇರಿ ಸಮುದ್ರಕ್ಕೆ ಹೋಗುತ್ತದೆ. ಇಲ್ಲಿನ ಟುಲರೋಸಾ ಕಣಿವೆಯಿಂದ ನೀರು ಹೊರಗೆ ಹರಿಯಲು ದಾರಿಯೇ ಇಲ್ಲ, ಆದ್ದರಿಂದ ಉಳಿದುಕೊಂಡಿದೆ. ಸುಮಾರು 700 ಚದರ ಕಿ.ಮೀ. ಉದ್ದಗಲಕ್ಕೂ ದಿಬ್ಬಗಳು. ಬಿಸಿಲಲ್ಲೂ ಕಾಲು ಸುಡುವಷ್ಟು ಕಾಯುವುದಿಲ್ಲ.

ಕ್ಯಾಮೆರಾದ ಮೀಟರ್ ಬಿಳಿಯನ್ನು ಕಂಡರೆ ಬೂದಿ ಬಣ್ಣ ಮಾಡಲು ಹೊರಡುತ್ತದೆ. ಹಾಗಾಗಿ ಒಂದರಿಂದ ಒಂದೂವರೆ ಸ್ಟಾಪ್ ಬೆಳಕು ಹೆಚ್ಚು ಕೊಡಿ (ಒಂದು ಸ್ಟಾಪ್ ಅಂದ್ರೆ ಬೆಳಕು ಎರಡು ಪಟ್ಟು), ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮ್ ನಕ್ಷೆ ಬಲಗಡೆ ಅಂಚಿಗೆ ತಾಗದ ಹಾಗೆ ನೋಡಿಕೊಳ್ಳಿ. ಇಲ್ಲಿ ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುವುದರಿಂದ ದಿಬ್ಬದ ಕಡಿದಾದ ಮುಖ ಈಶಾನ್ಯಕ್ಕಿರುತ್ತದೆ. ಸಂಜೆ ಆ ಮುಖ ಪೂರ್ತಿ ನೆರಳಿಗೆ ಹೋಗಿ, ಇನ್ನೊಂದು ಮುಖದ ಮೇಲೆ ಮಾತ್ರ ಬಿಸಿಲು ಉಳಿದು, ನಡುವೆ ಚಾಕುವಿನಿಂದ ಎಳೆದಂಥ ಗೆರೆ ಮೂಡುತ್ತದೆ. 70ರಿಂದ 200 ಎಂಎಂ ಲೆನ್ಸ್‌ನಲ್ಲಿ ಆ ಗೆರೆಯನ್ನು ಮಾತ್ರ ಹಿಡಿಯಿರಿ. ಸೂರ್ಯ ಮುಳುಗಿದ ಕೂಡಲೇ ಚೀಲ ಕಟ್ಟಬೇಡಿ. ಆಮೇಲಿನ ಕಾಲು ಗಂಟೆಯಲ್ಲಿ ಮರಳು ಆಕಾಶದ ಬಣ್ಣವನ್ನೇ ತೆಗೆದುಕೊಳ್ಳುತ್ತದೆ, ಒಂದು ಕಡೆ ಗುಲಾಬಿ, ಇನ್ನೊಂದು ಕಡೆ ನೀಲಿ.

ಹೆಜ್ಜೆಗುರುತು ದೊಡ್ಡ ತಲೆನೋವು. ರಸ್ತೆಯಿಂದ ಅರ್ಧ ಗಂಟೆ ಒಳಗೆ ನಡೆದರೆ ಕಡಿಮೆಯಾಗುತ್ತದೆ. ರಾತ್ರಿ ಗಾಳಿ ಬೀಸಿದ್ದರೆ ಬೆಳಿಗ್ಗೆ ಎಲ್ಲ ಅಳಿಸಿ ಹೋಗಿರುತ್ತದೆ. ಲೆನ್ಸ್ ಬದಲಿಸುವ ಕೆಲಸ ಕಾರಿನೊಳಗೇ ಆಗಲಿ. ಮರಳಿನ ಪುಡಿ ಕೂತರೆ ಬಟ್ಟೆಯಿಂದ ಉಜ್ಜಬೇಡಿ, ಬ್ಲೋವರ್‌ನಿಂದ ಊದಿ. ಡ್ರೋನ್ ಹಾರಿಸುವಂತಿಲ್ಲ.

ನೀರಿನ ವಿಷಯದಲ್ಲಿ ತಮಾಷೆ ಬೇಡ. ಒಬ್ಬರಿಗೆ ದಿನಕ್ಕೆ ಸುಮಾರು ನಾಲ್ಕು ಲೀಟರ್ ಇರಲಿ. ಉದ್ಯಾನದೊಳಗಿನ ಆಲ್ಕಲಿ ಫ್ಲ್ಯಾಟ್ ಎಂಬ ಕಾಲುದಾರಿಯಲ್ಲಿ ನೆರಳೂ ಇಲ್ಲ, ನೀರೂ ಇಲ್ಲ. 2015ರ ಆಗಸ್ಟ್‌ನಲ್ಲಿ ಅಲ್ಲಿ ನಡೆಯಲು ಹೋದ ಫ್ರಾನ್ಸ್‌ನ ದಂಪತಿ ಬಿಸಿಲಿಗೆ ಸಿಕ್ಕಿ ತೀರಿಕೊಂಡರು. ಉದ್ಯಾನದ ಸುತ್ತ ಸೇನೆಯ ಕ್ಷಿಪಣಿ ಪರೀಕ್ಷಾ ವಲಯ ಇರುವುದರಿಂದ ಕೆಲವು ದಿನ ರಸ್ತೆಯನ್ನೇ ಗಂಟೆಗಟ್ಟಲೆ ಮುಚ್ಚುತ್ತಾರೆ, ಹಿಂದಿನ ದಿನವೇ ವಿಚಾರಿಸಿಕೊಳ್ಳಿ. ವೀಸಾ ಮೇಲೆ ಇರುವ ನಮ್ಮವರಿಗೆ ಇನ್ನೊಂದು ಮಾತು: ಅಲ್ಲಿಂದ ಲಾಸ್ ಕ್ರೂಸೆಸ್ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಗಡಿ ಪೊಲೀಸರ ತಪಾಸಣೆ ಠಾಣೆ ಇದೆ. ಪಾಸ್‌ಪೋರ್ಟ್, ಕಾಗದಪತ್ರ ಜೊತೆಗಿರಲಿ, ಹೋಟೆಲ್‌ನಲ್ಲಿ ಬಿಟ್ಟು ಹೋಗಬೇಡಿ.

ಚಂದ್ರ ಬೇಕಿದ್ದರೆ

ಆನ್ಸೆಲ್ ಆಡಮ್ಸ್ 1941ರ ನವೆಂಬರ್ 1ರ ಸಂಜೆ ಹರ್ನಾಂಡೆಜ್ ಎಂಬ ಹಳ್ಳಿಯ ಪಕ್ಕ ಕಾರು ನಿಲ್ಲಿಸಿ ತೆಗೆದ ಚಂದ್ರೋದಯದ ಫೋಟೊ ನೀವು ನೋಡಿರುತ್ತೀರಿ. ಮಣ್ಣಿನ ಪುಟ್ಟ ಚರ್ಚು, ಬೆಳಗುವ ಶಿಲುಬೆಗಳು, ಮೇಲೆ ಕಪ್ಪು ಆಕಾಶ. ಆ ಅವಸರದಲ್ಲಿ ಅವರಿಗೆ ಲೈಟ್ ಮೀಟರ್ ಸಿಗಲಿಲ್ಲ. ಚಂದ್ರನ ಬೆಳಕು ಎಷ್ಟು ಅನ್ನುವ ಅಂಕಿ ಬಾಯಿಪಾಠ ಇತ್ತು, ಅದರಿಂದಲೇ ಲೆಕ್ಕ ಹಾಕಿ ಒಂದು ಫೋಟೊ ತೆಗೆದರು. ಎರಡನೆಯದಕ್ಕೆ ಫಿಲ್ಮ್ ತಿರುಗಿಸಿ ಹಾಕುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಹೋಗಿತ್ತು.

ನಾವೂ ಅದೇ ಲೆಕ್ಕ ಬಳಸಬಹುದು. ಚಂದ್ರನ ಮೇಲೆ ಬೀಳುವುದೂ ಬಿಸಿಲೇ ತಾನೇ? ಐಎಸ್‌ಒ 100, ಎಫ್ 11, ಸೆಕೆಂಡಿನ ನೂರನೇ ಒಂದು ಭಾಗ: ಚಂದ್ರನ ಕಲೆಗಳು ಕಾಣುತ್ತವೆ. ಹುಣ್ಣಿಮೆಗೆ ಒಂದೆರಡು ದಿನ ಮೊದಲು ಹೋಗಿ. ಆಗ ಸೂರ್ಯ ಮುಳುಗುವ ಮೊದಲೇ ಚಂದ್ರ ಮೇಲೆ ಬಂದಿರುತ್ತಾನೆ, ನೆಲದ ಮೇಲೂ ಬೆಳಕು ಇರುತ್ತದೆ, ಎರಡನ್ನೂ ಒಂದೇ ಎಕ್ಸ್‌ಪೋಜರ್‌ನಲ್ಲಿ ಹಿಡಿಯಬಹುದು. ಹುಣ್ಣಿಮೆ ಕಳೆದ ಮೇಲೆ ಹೋದರೆ ಚಂದ್ರ ಬರುವಷ್ಟರಲ್ಲಿ ನೆಲ ಕಪ್ಪಾಗಿರುತ್ತದೆ.

ಕಂಪ್ಯೂಟರ್ ಮುಂದೆ

ಕಪ್ಪು ಬಿಳುಪು ಮಾಡುವುದಾದರೆ ಸುಮ್ನೆ ಬಣ್ಣ ತೆಗೆದುಹಾಕಬೇಡಿ. ಕಿತ್ತಳೆ ಬಣ್ಣದ ಸ್ಲೈಡರ್ ಏರಿಸಿ, ನೀಲಿ ಇಳಿಸಿ. ಗೋಡೆ ಬೆಳ್ಳಗಾಗಿ ಆಕಾಶ ಕಪ್ಪಾಗುತ್ತದೆ. ಹಿಂದಿನವರು ಲೆನ್ಸ್ ಮುಂದೆ ಕೆಂಪು ಗಾಜು ಇಟ್ಟು ಮಾಡುತ್ತಿದ್ದದ್ದೂ ಇದನ್ನೇ. ಜಾಸ್ತಿ ಎಳೆದರೆ ಆಕಾಶದಲ್ಲಿ ಕಾಳು ಕಾಳು ಬರುತ್ತದೆ, ಅಲ್ಲಿಗೆ ನಿಲ್ಲಿಸಿ. ಪ್ರಿಂಟ್‌ಗೆ ಹೊಳಪಿಲ್ಲದ ಹತ್ತಿ ಕಾಗದ ಕೇಳಿ, ಮಣ್ಣಿನ ಗೋಡೆಗೆ ಹೊಳೆಯುವ ಕಾಗದ ಒಗ್ಗುವುದಿಲ್ಲ. ಪರದೆಯ ಬೆಳಕು ಪೂರ್ತಿ ಏರಿಸಿಟ್ಟು ತಿದ್ದಿದರೆ ಪ್ರಿಂಟ್ ಕತ್ತಲಾಗಿ ಬರುತ್ತದೆ. ಮೊದಲು ಒಂದು ಚಿಕ್ಕ ತುಂಡು ಹಾಕಿಸಿ, ಕಿಟಕಿ ಬೆಳಕಲ್ಲಿ ನೋಡಿ, ಆಮೇಲೆ ದೊಡ್ಡದು.

ಮಾರುವ ಯೋಚನೆ ಇದ್ದರೆ

ಟಾವೋಸ್ ಕಡೆ ಹೋದವರು ಟಾವೋಸ್ ಪ್ಯೂಬ್ಲೊ ನೋಡದೆ ಬರುವುದಿಲ್ಲ. ಒಂದರ ಮೇಲೊಂದು ಪೇರಿಸಿದ ಹಾಗಿರುವ ಮಣ್ಣಿನ ಮನೆಗಳ, ಮೂಲನಿವಾಸಿಗಳ ಈ ಊರು 1992ರಿಂದ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಯಲ್ಲಿದೆ. ಆದರೆ ಅದು ಮ್ಯೂಸಿಯಂ ಅಲ್ಲ, ಜನ ವಾಸ ಇರುವ ಊರು. ಯಾರದೇ ಫೋಟೊ ತೆಗೆಯುವ ಮೊದಲು ಅವರನ್ನು ಕೇಳಬೇಕು. ಪ್ಯೂಬ್ಲೊದ ಚರ್ಚಿನ ಒಳಗೆ ಕ್ಯಾಮೆರಾ ನಿಷಿದ್ಧ, ಹಬ್ಬದ ದಿನಗಳಲ್ಲಿ ಊರೊಳಗೆಲ್ಲೂ ತೆಗೆಯುವಂತಿಲ್ಲ. ಸ್ವಂತಕ್ಕೆ ಇಟ್ಟುಕೊಳ್ಳುವ ಫೋಟೊಗೆ ಮಾತ್ರ ಪ್ರವಾಸಿಗರಿಗೆ ಅನುಮತಿ. ಪ್ರದರ್ಶನಕ್ಕೆ ಇಡುವುದು, ಮಾರುವುದು ಅಂದ್ರೆ ಪ್ಯೂಬ್ಲೊ ಆಡಳಿತದ ಒಪ್ಪಿಗೆ ಬೇರೆಯಾಗಿ, ಮೊದಲೇ ಪಡೆಯಬೇಕು. ಚಳಿಗಾಲದ ಕೊನೆಗೆ ಹಲವು ವಾರ ಹೊರಗಿನವರಿಗೆ ಊರನ್ನೇ ಮುಚ್ಚುತ್ತಾರೆ. ಟಿಕೆಟ್ ಬುಕ್ ಮಾಡುವ ಮೊದಲು ಆ ದಿನಾಂಕ ನೋಡಿಕೊಳ್ಳಿ.