ಸೀಮೆಸುಣ್ಣ ಹಿಡಿದು ಹಳೇ ಫೋರ್ ವೀಲ್ ಮಿನಿ ಟ್ರ್ಯಾಕ್ಟರ್ ಕೊಂಡೆ

"ಮುಂದಿನ ಡ್ರೈವ್ ಹೋಗಿದೆ, ಮುಟ್ಟಬೇಡಿ" ಅಂತ ಮೂರು ಜನ ಹೇಳಿದ ಗಾಡಿಯನ್ನೇ ನಾನು ಕೊಂಡೆ. ಫೋರ್ ವೀಲ್ ಅಂದರೆ ಒಂದು ಲಿವರ್ ಹಾಕಿದರೆ ಎಂಜಿನ್ ಹಿಂದಿನ ಚಕ್ರಗಳ ಜೊತೆ ಮುಂದಿನವನ್ನೂ ತಿರುಗಿಸುತ್ತದೆ. ಎರಡು ವರ್ಷ ಆಯಿತು. ಸುಮಾರು 600 ಗಂಟೆ ದುಡಿದಿದೆ. ಮುಂದಿನ ಹೌಸಿಂಗ್, ಅಂದರೆ ಮುಂದಿನ ಗೇರುಗಳಿರುವ ಪೆಟ್ಟಿಗೆ, ಇವತ್ತಿನವರೆಗೂ ಬಿಚ್ಚಿಲ್ಲ. ಅವತ್ತು ನಕ್ಕವರಲ್ಲಿ ಇಬ್ಬರು ಈಗ ಹಳೇ ಗಾಡಿ ನೋಡೋಕೆ ಹೋಗುವಾಗ ನನ್ನನ್ನು ಜೊತೆಗೆ ಕರೆಯುತ್ತಾರೆ. ಸ್ವಲ್ಪ ಜಂಬ ಇದೆ, ಇರಲಿ ಬಿಡಿ.

ಮೊದಲು ಕೈ ಸುಟ್ಟುಕೊಂಡ ಕಥೆ ಹೇಳುತ್ತೇನೆ. ಇದಕ್ಕೂ ಮುಂಚೆ ಒಂದು ಕೊಂಡಿದ್ದೆ. 20ರ ಆಸುಪಾಸಿನ ಎಚ್‌ಪಿ, ಮೀಟರಿನಲ್ಲಿ 900 ಗಂಟೆ, ಹೊಸ ಬಣ್ಣ. ನಾನು ಹೋಗುವ ಹೊತ್ತಿಗೆ ಎಂಜಿನ್ ಓಡುತ್ತಾ ಇತ್ತು. "ನಿಮ್ಮನ್ನ ಕಾಯಿಸಬಾರದು ಅಂತ ಮೊದಲೇ ಸ್ಟಾರ್ಟ್ ಮಾಡಿಟ್ಟೆ ಸಾರ್" ಅಂದ ಮಾರುವವನು. ಎಷ್ಟು ಒಳ್ಳೆ ಮನುಷ್ಯ ಅಂದುಕೊಂಡೆ, ನೋಡಿ ನನ್ನ ಬುದ್ಧಿ! ಮನೆಗೆ ತಂದ ಮಾರನೇ ದಿನ ಬೆಳಿಗ್ಗೆ ಬ್ಯಾಟರಿ ಸಾಯುವವರೆಗೂ ತಿರುಗಿಸಿದರೂ ಹತ್ತಲಿಲ್ಲ. ಕೊನೆಗೆ ಹತ್ತಿದಾಗ ಬಿಳಿ ಹೊಗೆ. ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಹೋಗಿತ್ತು. ಗೇರ್‌ಬಾಕ್ಸ್ ಎಣ್ಣೆ ತೆಗೆದು ನೋಡಿದರೆ ಹಾಲು ಬೆರೆಸಿದ ಟೀ ಥರ ಇತ್ತು. ಗಾಡಿ ಮಳೆಯಲ್ಲಿ ನಿಂತು, ಗೇರ್ ಲಿವರಿನ ಹರಿದ ರಬ್ಬರಿನಿಂದ ನೀರು ಒಳಗೆ ಇಳಿದಿತ್ತು. ಕೊಂಡ ಬೆಲೆಯ ಶೇಕಡಾ 40ರಷ್ಟು ರಿಪೇರಿಗೇ ಹೋಯಿತು, ಎರಡು ತಿಂಗಳ ಕೆಲಸವೂ ಹೋಯಿತು, ಆಮೇಲೆ ಮಾರಿದ್ದೂ ನಷ್ಟಕ್ಕೇ. ಕ್ಲಚ್ ಪೆಡಲ್ ಸವೆದು ಫಳಫಳ ಹೊಳೆಯುತ್ತಿತ್ತು, ಹಿಂದೆ ನೇಗಿಲು ಎತ್ತುವ ಲಿಫ್ಟಿನ ಕೆಳಗಿನ ಲಿಂಕ್‌ಗಳ ತೂತು ಮೊಟ್ಟೆ ಆಕಾರಕ್ಕೆ ಬಂದಿತ್ತು. 900 ಗಂಟೆಗೆ ಹಾಗಾಗುತ್ತಾ? ಕಣ್ಣೆದುರೇ ಇತ್ತು. ನಾನು ಬಣ್ಣ ನೋಡುತ್ತಿದ್ದೆ.

ಈಗ ಹೋದ ತಕ್ಷಣ ಬಾನೆಟ್ ಎತ್ತಿ ಎಂಜಿನ್ ಮೇಲೆ ಕೈ ಇಡುತ್ತೇನೆ. ಬೆಚ್ಚಗಿದ್ದರೆ ಅವತ್ತು ಗಾಡಿ ನೋಡುವುದೇ ಇಲ್ಲ. ನಾನು ಹೋಗುವ ತನಕ ಸ್ಟಾರ್ಟ್ ಮಾಡದೇ ಇರುವ ಹಾಗೆ ಫೋನಿನಲ್ಲಿ ಒಂದು ಮಾತು ಹೇಳುತ್ತೇನೆ, ಅದು ಇಲ್ಲಿ ಬೇಡ. ಮಾರುವವರೂ ಓದುತ್ತಾರೆ ಅಲ್ವಾ.

ಎರಡನೆಯದು ಜಪಾನಿನಿಂದ ಸೆಕೆಂಡ್ ಹ್ಯಾಂಡ್ ಆಗಿಯೇ ಬಂದಿದ್ದು, ಲಿವರ್‌ಗಳ ಮೇಲೆಲ್ಲಾ ಜಪಾನಿ ಅಕ್ಷರ. ಎಂಜಿನ್ ಚಿನ್ನದಂಥದ್ದು. ಆದರೆ ಕೊಳ್ಳುವ ಮೊದಲು ಸುಮ್ನೆ ಪರೀಕ್ಷೆಗೆ ಅಂತ ಗಾಡಿಯ ಪ್ಲೇಟಿನಲ್ಲಿದ್ದ ಮಾಡೆಲ್ ನಂಬರ್ ಹೇಳಿ ಮುಂದಿನ ಆಕ್ಸಲಿನ ಎಣ್ಣೆ ಸೋರದ ಹಾಗೆ ತಡೆಯುವ ಸೀಲ್ ಕೇಳಿದೆ. ನಾಲ್ಕು ಸ್ಪೇರ್ ಅಂಗಡಿಯಲ್ಲೂ ಇಲ್ಲ. ಬಿಟ್ಟೆ.

ಮೂರನೆಯದೇ ಈಗ ಮನೆಯಲ್ಲಿರುವುದು. ತಣ್ಣಗಿದ್ದಾಗಲೇ ಎರಡು ಸುತ್ತಿಗೆ ಹತ್ತಿತು, ಹೊಗೆ ಇಲ್ಲ, ಆಯಿಲ್ ಮುಚ್ಚಳ ತೆಗೆದರೆ ಹಬೆ ನುಗ್ಗಲಿಲ್ಲ. ಲಿಫ್ಟ್ ಭಾರ ಎತ್ತಿ ನಿಲ್ಲಿಸಿದರೆ ನಿಂತಲ್ಲೇ ನಿಂತಿತು. ತಕರಾರು ಒಂದೇ. ಫೋರ್ ವೀಲ್ ಹಾಕಿದರೆ ಲಿವರ್ ವಾಪಸ್ ಬರುತ್ತಿರಲಿಲ್ಲ. ಸ್ವಲ್ಪ ಹಿಂದಕ್ಕೆ ಓಡಿಸಿ ಎಳೆದರೆ ಮಾತ್ರ ಟಕ್ ಅಂತ ಬರುತ್ತಿತ್ತು. ಮುಂದೆ ಗರಗರ ಸದ್ದು ಬೇರೆ. ಮುಂದಿನ ಟೈರಿನ ಹಲ್ಲುಗಳು ಒಂದೇ ಕಡೆ ಸವೆದಿದ್ದವು, ಹಿಂದಿನವು ಚೆನ್ನಾಗಿದ್ದವು. ನಾನು ಕರೆದುಕೊಂಡು ಹೋದ ಮೆಕ್ಯಾನಿಕ್ "ಒಳಗೆ ಗೇರ್ ಹೋಗಿದೆ, ಹೌಸಿಂಗ್ ಬಿಚ್ಚಲೇಬೇಕು" ಅಂದ. ಮಾಲೀಕನೂ ಹಾಗೇ ನಂಬಿದ್ದ. ಇದೇ ಸ್ಥಿತಿಯ ಬೇರೆ ಗಾಡಿಗಳು ಹೊಸದರ ಅರ್ಧ ಬೆಲೆಗೆ ಹೋಗುತ್ತಿದ್ದಾಗ ಇವನು ಮೂರನೇ ಒಂದು ಭಾಗಕ್ಕೆ ಬಂದ.

ನನಗೆ ಅನುಮಾನ ಬಂದಿದ್ದು ಮುಂದಿನ ಆಕ್ಸಲಿನ ಎಣ್ಣೆ ನೋಡಿದಾಗ. ಪ್ಲಗ್ ಸಡಿಲಿಸಿ ಒಂದು ಲೋಟ ಇಳಿಸಿ ಅದರಲ್ಲಿ ಅಯಸ್ಕಾಂತ ಆಡಿಸಿದೆ. ಸ್ವಲ್ಪ ಕಪ್ಪು ಪೇಸ್ಟ್ ಬಿಟ್ಟರೆ ಒಂದು ಲೋಹದ ಚೂರೂ ಇಲ್ಲ. ಹಲ್ಲು ಮುರಿದ ಗೇರ್ ಆದರೆ ಚೂರು ಎಲ್ಲಿಗೆ ಹೋಗುತ್ತದೆ?

ಆಗ ಸೀಮೆಸುಣ್ಣ ತೆಗೆದೆ. ಹಿಂದಿನ ಟೈರಿಗೊಂದು ಗೆರೆ, ಮುಂದಿನ ಟೈರಿಗೊಂದು ಗೆರೆ. ಫೋರ್ ವೀಲ್ ಆಫ್ ಮಾಡಿ, ಗಟ್ಟಿ ಸಮ ನೆಲದಲ್ಲಿ ನಿಧಾನ ಓಡಿಸಿ, ಹಿಂದಿನ ಚಕ್ರ 10 ಸುತ್ತು ಹಾಕುವಾಗ ಮುಂದಿನದು ಎಷ್ಟು ಸುತ್ತು ಅಂತ ಎಣಿಸಿದೆ. ಹದಿನಾಲ್ಕು ಮುಕ್ಕಾಲು. ಆಮೇಲೆ ಸಡಿಲ ಮಣ್ಣಿನಲ್ಲಿ ಫೋರ್ ವೀಲ್ ಹಾಕಿ ಅದೇ 10 ಸುತ್ತು. ಈಗ 16. ಅಂದರೆ ಮುಂದಿನ ಚಕ್ರ ನೆಲದ ಮೇಲೆ ತಾನಾಗಿ ಉರುಳುವುದಕ್ಕಿಂತ ಸುಮಾರು ಶೇಕಡಾ 8.5 ಜಾಸ್ತಿ ಓಡುತ್ತಿದೆ. ಮುಂದಿನ ಚಕ್ರ ಸ್ವಲ್ಪ ಮುಂದೆ ಎಳೆಯಬೇಕು ನಿಜ, ಆದರೆ ಆ ಹೆಚ್ಚಳ ಶೇಕಡಾ 1ರಿಂದ 5ರ ಒಳಗಿರಬೇಕು. ಮೆತ್ತನೆ ಮಣ್ಣಿನಲ್ಲಿ ಆ ಹೆಚ್ಚಿನ ಓಟ ಜಾರಿ ಹೋಗುತ್ತದೆ. ಗಟ್ಟಿ ನೆಲದಲ್ಲಿ ಎಲ್ಲಿಗೂ ಹೋಗಲಾರದೆ ಗೇರು, ಶಾಫ್ಟುಗಳಲ್ಲೇ ಬಿಗಿದು ಕೂರುತ್ತದೆ, ಲಿವರ್ ಹಿಡಿದುಕೊಳ್ಳುತ್ತದೆ. ಹಿಂದಕ್ಕೆ ಓಡಿಸಿದಾಗ ಬಿಗಿ ಬಿಡುತ್ತದೆ, ಲಿವರ್ ಬರುತ್ತದೆ.

ಟೈರಿನ ಪಕ್ಕದಲ್ಲಿ ಬರೆದ ಅಳತೆ ನೋಡಿದೆ. ಯಾರೋ ಮುಂದೆ ಒಂದು ಸೈಜ್ ದೊಡ್ಡದು ಹಾಕಿದ್ದರು. ದೊಡ್ಡ ಟೈರ್ ಒಂದು ಸುತ್ತಿಗೆ ಜಾಸ್ತಿ ದೂರ ಹೋಗುತ್ತದೆ, ಗೇರ್ ಮಾತ್ರ ಅಷ್ಟೇ ಸುತ್ತು ತಿರುಗಿಸುತ್ತದೆ. ಎತ್ತರದಲ್ಲಿ ಒಂದೂವರೆ ಇಂಚು ವ್ಯತ್ಯಾಸ ಇರಬಹುದು, ಕಣ್ಣಿಗೆ ಗೊತ್ತೇ ಆಗಲ್ಲ. "ಸೀಮೆಸುಣ್ಣದಲ್ಲಿ ಗಾಡಿ ರಿಪೇರಿ ಆಗುತ್ತಾ ಸಾರ್?" ಅಂದ ಮೆಕ್ಯಾನಿಕ್. ನಾನು ಸುಮ್ಮನಿದ್ದೆ, ಬೆಲೆ ಮಾತು ಇನ್ನೂ ಮುಗಿದಿರಲಿಲ್ಲ.

ಎಣಿಸುವಾಗ ನಾನೂ ಒಮ್ಮೆ ತಪ್ಪಿದ್ದೆ. ಮೊದಲ ಸಲ ಒದ್ದೆ ಹುಲ್ಲಿನ ಮೇಲೆ ಓಡಿಸಿದೆ, ಹಿಂದಿನ ಚಕ್ರ ಜಾರಿ ಲೆಕ್ಕ ಕೆಟ್ಟಿತು. ನಾಲ್ಕೂ ಟೈರಿಗೆ ಸರಿಯಾದ ಗಾಳಿ ಇರಬೇಕು. ಎಣಿಸೋಕೆ ಇಬ್ಬರು ಬೇಕು, ಒಬ್ಬರು ಒಂದು ಚಕ್ರವನ್ನೇ ನೋಡುತ್ತಾ ನಡೆಯಬೇಕು. ಮೂರು ಸಲ ಮಾಡಿ.

ತಂದ ಮೇಲೆ ಟೈರ್ ದುಡ್ಡು ಉಳಿಸೋಣ ಅಂತ ಮುಂದಿನ ಗಾಳಿ ಇಳಿಸಿ ನೋಡಿದೆ. ಗಾಳಿ ಇಳಿದರೆ ಟೈರ್ ಸ್ವಲ್ಪ ಕೂರುತ್ತದೆ, ಸುತ್ತು ಹೆಚ್ಚಾಗುತ್ತದೆ ಅಂತ ನನ್ನ ಲೆಕ್ಕ. ಹೆಚ್ಚಾಯಿತು, ಆದರೆ ಶೇಕಡಾ ಒಂದೂ ಬರಲಿಲ್ಲ. ಸ್ಟೀರಿಂಗ್ ಮಾತ್ರ ಭಾರ ಆಯಿತು. ಕೊನೆಗೆ ಸರಿಯಾದ ಸೈಜಿನ ಎರಡು ಟೈರ್ ತಂದೆ, ಗಾಡಿ ಬೆಲೆಯ ಹನ್ನೆರಡನೇ ಒಂದು ಭಾಗ ಆಗಿರಬೇಕು. ಫೋರ್ ವೀಲ್ ಆಫ್ ಮಾಡಿ ಮತ್ತೆ ಎಣಿಸಿದೆ, ಹದಿನೈದೂವರೆ. ಹಾಕಿದಾಗ ಅದೇ 16. ಅಂದರೆ ಶೇಕಡಾ 3ರ ಮೇಲೆ ಚೂರು. ಲಿವರ್ ಎರಡು ಬೆರಳಿಗೆ ಬಂತು.

ಆದರೆ ಗರಗರ ಸದ್ದು ನಿಲ್ಲಲಿಲ್ಲ! ಒಂದು ವಾರ ನಿದ್ದೆ ಇಲ್ಲ. "ಹೇಳಲಿಲ್ವಾ ನಾನು" ಅಂತ ಮೆಕ್ಯಾನಿಕ್ ಎರಡು ಸಲ ಫೋನ್ ಮಾಡಿದ. ಕೊನೆಗೆ ಕೆಳಗೆ ಮಲಗಿ ನೋಡಿದರೆ, ಮುಂದಕ್ಕೆ ಹೋಗುವ ಡ್ರೈವ್ ಶಾಫ್ಟಿನ ಮೇಲಿನ ಕವರ್ ಪೈಪ್ ಸಡಿಲವಾಗಿ ಶಾಫ್ಟಿಗೆ ಉಜ್ಜುತ್ತಿತ್ತು. ಒಂದು ಕ್ಲಾಂಪ್. ಅಷ್ಟೇ.

ಇನ್ನೊಂದು ಸಣ್ಣ ಪ್ರಯೋಗ. ಗೇರ್‌ಬಾಕ್ಸ್ ಎಣ್ಣೆಯ ಒಂದು ಹನಿಯನ್ನು ಕಾದ ತಗಡಿನ ಮೇಲೆ ಬಿಡಿ, ಮುಖ ದೂರ ಇಟ್ಟುಕೊಳ್ಳಿ. ಚಟಪಟ ಅಂದರೆ ನೀರಿದೆ. ಬಣ್ಣ ಬದಲಾಗುವ ಮೊದಲೇ ಇದು ಹೇಳುತ್ತದೆ. ಒಮ್ಮೆ ಪ್ರೆಶರ್ ಪಂಪಿನಲ್ಲಿ ಗಾಡಿ ತೊಳೆದ ಮೇಲೆ ನನ್ನದೇ ಎಣ್ಣೆ ಚಟಪಟ ಅಂತು, ನೀರು ಲಿವರ್ ರಬ್ಬರಿಗೇ ಹೊಡೆದಿದ್ದೆ. ಓಡುವ ಗಾಡಿಗೆ ಸ್ಕ್ರೂಡ್ರೈವರ್ ತುದಿ ತಾಗಿಸಿ, ಹಿಡಿ ಕಿವಿಗಿಟ್ಟು ಬೇರಿಂಗ್ ಸದ್ದು ಕೇಳುವುದು ಹಲವರಿಗೆ ಗೊತ್ತು. ಎಲ್ಲಿ ಇಟ್ಟು ಕೇಳುತ್ತೇನೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಆ ದೊಡ್ಡ ಸೈಜಿನ ಎರಡು ಟೈರ್ ಶೆಡ್ಡಿನಲ್ಲಿ ಇನ್ನೂ ಬಿದ್ದಿವೆ, ಒಂದು ಕಡೆ ಸವೆದಿವೆ ಅಷ್ಟೇ. ಬೇಕಾದವರು ಒಯ್ಯಬಹುದು, ಆದರೆ ಮೊದಲು ನಿಮ್ಮ ಗಾಡಿಯ ಸುತ್ತು ಎಣಿಸಿಕೊಂಡು ಬನ್ನಿ.