ಪ್ಲಾಸ್ಮಾ ಟಾರ್ಚ್: ಮೊದಲು ಎತ್ತರ ಅಳೆಯಿರಿ, ವೋಲ್ಟೇಜ್ ಆಮೇಲೆ

ಸಿಎನ್‌ಸಿ ಪ್ಲಾಸ್ಮಾ ಕಟ್ಟಿಂಗ್ ಮಷಿನ್‌ನಲ್ಲಿ ಟಾರ್ಚ್‌ನ ಎತ್ತರ ಕಾಯುವುದು ಟಿಎಚ್‌ಸಿ (ಟಾರ್ಚ್ ಹೈಟ್ ಕಂಟ್ರೋಲ್). ಆದರೆ ಟಾರ್ಚ್ ಎಷ್ಟು ಎತ್ತರದಲ್ಲಿದೆ ಎಂಬುದು ಅದಕ್ಕೆ ಕಾಣುವುದಿಲ್ಲ. ಅದಕ್ಕೆ ಸಿಗುವುದು ಆರ್ಕ್ ವೋಲ್ಟೇಜ್ (ಟಾರ್ಚ್‌ಗೂ ಪ್ಲೇಟ್‌ಗೂ ನಡುವಿನ ಆರ್ಕ್‌ನ ವೋಲ್ಟೇಜ್) ಒಂದೇ. ಟಾರ್ಚ್ ಮೇಲೆ ಹೋದರೆ ವೋಲ್ಟೇಜ್ ಏರುತ್ತದೆ, ಕೆಳಗೆ ಬಂದರೆ ಇಳಿಯುತ್ತದೆ. ಸುಮಾರು 5 ವೋಲ್ಟ್‌ಗೆ ಅರ್ಧ ಮಿ.ಮೀ. ಲೆಕ್ಕ. ಆದರೆ ವೇಗ, ಗಾಳಿಯ ಒತ್ತಡ, ಎಲೆಕ್ಟ್ರೋಡ್ (ಟಾರ್ಚ್‌ನೊಳಗೆ ಆರ್ಕ್ ಹುಟ್ಟುವ ತುಂಡು) ಸವೆತ ಕೂಡ ಅದೇ ವೋಲ್ಟೇಜನ್ನು ಏರಿಳಿಸುತ್ತವೆ. ಹಾಗಾಗಿ ತಯಾರಕರು ಕೊಡುವ ಕಟ್ ಚಾರ್ಟ್‌ನ ವೋಲ್ಟೇಜನ್ನು ಆರಂಭದ ಅಂದಾಜು ಎಂದಷ್ಟೇ ನೋಡಿ. ನಿಜವಾದ ಸಂಖ್ಯೆ ನಿಮ್ಮ ಮಷಿನ್‌ನಲ್ಲೇ ಸಿಗಬೇಕು.

ಹೊಸ ಎಲೆಕ್ಟ್ರೋಡ್, ನಾಜಲ್ ಹಾಕಿ. ಅರ್ತ್ ಕ್ಲಾಂಪನ್ನು ಬಣ್ಣ, ತುಕ್ಕು ಕೆರೆದ ಜಾಗದಲ್ಲಿ ಕಚ್ಚಿಸಿ. ಗಾಳಿಯ ಒತ್ತಡವನ್ನು ಗಾಳಿ ಹರಿಯುತ್ತಿರುವಾಗಲೇ ನೋಡಿ, ನಿಂತಾಗ ಗೇಜ್ ತೋರಿಸುವುದನ್ನು ನಂಬಬೇಡಿ.

ಈಗ ಎತ್ತರ. ಪ್ಲಾಸ್ಮಾ ಯೂನಿಟ್ ಆಫ್ ಮಾಡಿ, ಟಾರ್ಚ್ ಪ್ಲೇಟನ್ನು ಮುಟ್ಟಿ ಕಟ್ ಎತ್ತರಕ್ಕೆ (ಕತ್ತರಿಸುವಾಗ ಪ್ಲೇಟ್‌ನಿಂದ ಇರಬೇಕಾದ ದೂರ) ಏರುವಂತೆ, ಆರ್ಕ್ ಇಲ್ಲದೆ ಡ್ರೈ ರನ್ ಕೊಡಿ. 45ರಿಂದ 85 ಆಂಪ್ಸ್‌ನ ಶೀಲ್ಡ್ (ನಾಜಲ್ ಕಾಯುವ ಹೊರಮುಚ್ಚಳ) ಇರುವ ಅನೇಕ ಟಾರ್ಚ್‌ಗಳಿಗೆ ಇದು 1.5 ಮಿ.ಮೀ. ಆಸುಪಾಸು. ಫೀಲರ್ ಗೇಜ್ (ಅಂತರ ಅಳೆಯುವ ತೆಳು ಪಟ್ಟಿ) ತೂರಿಸಿ ನೋಡಿ. ಫ್ಲೋಟಿಂಗ್ ಹೆಡ್‌ನಲ್ಲಿ (ಪ್ಲೇಟ್ ತಾಗಿದರೆ ಟಾರ್ಚ್ ಮೇಲೆ ಸರಿದು ಸ್ವಿಚ್ ಒತ್ತುವ ಹಿಡಿಕೆ) ಟಾರ್ಚ್ ಮುಟ್ಟಿದ ಮೇಲೂ ಸ್ವಿಚ್ ಒತ್ತುವವರೆಗೆ ಜೆಡ್ (ಮೇಲೆ-ಕೆಳಗೆ ಸಾಗುವ ಅಕ್ಷ) ಇಳಿಯುತ್ತಲೇ ಇರುತ್ತದೆ. ಆ ದೂರ ಕಂಟ್ರೋಲರ್‌ನ ಆಫ್‌ಸೆಟ್‌ಗೆ (ಎತ್ತರಕ್ಕೆ ಕೂಡಿಸುವ ತಿದ್ದುಪಡಿ) ಸೇರಬೇಕು. 1.5 ಕೇಳಿದಾಗ 1.1 ಬಂದರೆ ಆಫ್‌ಸೆಟ್‌ಗೆ 0.4 ಕೂಡಿಸಿ. ತೆಳು ಶೀಟ್ ಒತ್ತಡಕ್ಕೆ ಬಾಗಿ, ಟಾರ್ಚ್ ಏಳುತ್ತಿದ್ದಂತೆ ಪುಟಿದು ಮೇಲೆ ಬರುತ್ತದೆ, ಅಂತರ ಕಡಿಮೆಯಾಗುತ್ತದೆ. ಅಲ್ಲಿ ಮುಟ್ಟುವ ವೇಗ ತಗ್ಗಿಸಿ, ಅಥವಾ ಓಮಿಕ್ ಸೆನ್ಸಿಂಗ್ (ಶೀಲ್ಡ್ ಪ್ಲೇಟನ್ನು ಮುಟ್ಟಿದ್ದನ್ನು ವಿದ್ಯುತ್ ಸಂಪರ್ಕದಿಂದ ತಿಳಿಯುವ ವಿಧಾನ) ಬಳಸಿ. ಓಮಿಕ್‌ಗೂ ಬಣ್ಣ ಬಳಿದ ಮೈ ಆಗಿಬರುವುದಿಲ್ಲ. ಶೀಲ್ಡ್ ಮೇಲಿನ ನೀರು ಸುಳ್ಳು ಸಿಗ್ನಲ್ ಕೊಡುತ್ತದೆ.

ಪಿಯರ್ಸ್ ಎತ್ತರ (ಪ್ಲೇಟಿಗೆ ಮೊದಲ ತೂತು ಹೊಡೆಯುವಾಗಿನ ಎತ್ತರ) ಕಟ್ ಎತ್ತರದ ಎರಡೂವರೆ ಪಟ್ಟು, ಅಂದರೆ 3.8 ಮಿ.ಮೀ. ಇರಲಿ. ಇದಕ್ಕಿಂತ ಕೆಳಗೆ ತೂತು ಹೊಡೆದರೆ ಚಿಮ್ಮಿದ ಕರಗಿದ ಲೋಹ ನೇರ ನಾಜಲ್‌ಗೇ ಬಡಿಯುತ್ತದೆ. ನಾಜಲ್ ಬೇಗ ಹಾಳಾಗುವುದಕ್ಕೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಪಿಯರ್ಸ್ ಡಿಲೇ (ತೂತಾಗುವವರೆಗೆ ಟಾರ್ಚ್ ನಿಂತು ಕಾಯುವ ಸಮಯ) ಸಾಲದಿದ್ದರೆ ಪ್ಲೇಟ್ ಪೂರ್ತಿ ತೂತಾಗುವ ಮೊದಲೇ ಟಾರ್ಚ್ ಹೊರಟು ಕಿಡಿ ಮೇಲಕ್ಕೆ ಹಾರುತ್ತದೆ. 6 ಮಿ.ಮೀ. ಮೈಲ್ಡ್ ಸ್ಟೀಲ್‌ಗೆ ಅರ್ಧ ಸೆಕೆಂಡ್‌ನಿಂದ ಆರಂಭಿಸಿ.

ವೋಲ್ಟೇಜ್ ಹಿಡಿಯಲು ಟಿಎಚ್‌ಸಿ ಆಫ್ ಮಾಡಿ. ಸಪಾಟಾದ ಪ್ಲೇಟ್ ಮೇಲೆ, ಚಾರ್ಟ್ ಹೇಳಿದ ವೇಗದಲ್ಲಿ, 200 ಮಿ.ಮೀ. ನೇರ ಗೆರೆ ಕತ್ತರಿಸಿ. ನಡುಭಾಗದಲ್ಲಿ ಸ್ಕ್ರೀನ್ ಸ್ಥಿರವಾಗಿ ತೋರಿಸುವ ಸಂಖ್ಯೆಯೇ ನಿಮ್ಮ ಸೆಟ್ ವೋಲ್ಟೇಜ್. ವೇಗ ಬದಲಿಸಿದರೆ ಮತ್ತೆ ಅಳೆಯಿರಿ: ನಿಧಾನವಾದರೆ ಕಟ್ ಅಗಲವಾಗಿ, ಎತ್ತರ ಅಷ್ಟೇ ಇದ್ದರೂ ವೋಲ್ಟೇಜ್ ಏರುತ್ತದೆ.

ಟಿಎಚ್‌ಸಿ ಆನ್ ಮಾಡಿ ಒಂದು ಚೌಕ ಕತ್ತರಿಸಿ, ಹೊರಗೆರೆ ಪ್ರದಕ್ಷಿಣೆಯಾಗಿ ಸಾಗಲಿ. ಸಾಮಾನ್ಯವಾಗಿ ಟಾರ್ಚ್ ಸಾಗುವ ದಿಕ್ಕಿನ ಬಲಬದಿಯ ಅಂಚೇ ಚೆನ್ನಾಗಿ ಬರುತ್ತದೆ. ನಾಲ್ಕೂ ಬದಿಯಲ್ಲಿ ತುಂಡು ಮೇಲೆ ಕಿರಿದು, ಕೆಳಗೆ ಅಗಲವಾಗಿದ್ದರೆ ಟಾರ್ಚ್ ಮೇಲಿದೆ, 2–3 ವೋಲ್ಟ್ ಇಳಿಸಿ. ಉಲ್ಟಾ ಇದ್ದರೆ ಏರಿಸಿ. ಒಂದು ಬದಿ ಹೀಗೆ, ಎದುರು ಬದಿ ಹಾಗೆ ಓರೆಯಾಗಿದ್ದರೆ ವೋಲ್ಟೇಜ್ ಮುಟ್ಟಬೇಡಿ. ಟಾರ್ಚೇ ಸೊಟ್ಟ ನಿಂತಿದೆ, ಮೂಲೆಮಟ್ಟ ಹಿಡಿದು ನೋಡಿ. ಅಂಚಿನಲ್ಲಿ ಅಲೆಅಲೆ ಕಂಡರೆ ಟಿಎಚ್‌ಸಿ ಗೇನ್ (ವೋಲ್ಟೇಜ್ ಬದಲಾದಾಗ ಅದು ಎಷ್ಟು ಜೋರಾಗಿ ತಿದ್ದುತ್ತದೆ ಎಂಬುದು) ಜಾಸ್ತಿಯಾಗಿದೆ.

ಮೂಲೆಯಲ್ಲಿ ಮಷಿನ್ ನಿಧಾನವಾದಾಗ ವೋಲ್ಟೇಜ್ ಏರುತ್ತದೆ; ಟಾರ್ಚ್ ಮೇಲೆ ಹೋಯಿತೆಂದು ಟಿಎಚ್‌ಸಿ ಅದನ್ನು ಪ್ಲೇಟಿಗೆ ಇಳಿಸಿ ಗುದ್ದಿಸುತ್ತದೆ. ಹಳೆಯ ಕಟ್ ದಾಟುವಾಗಲೂ ಇದೇ ಕತೆ. ವೇಗ ಪ್ರೋಗ್ರಾಂನ 90 ಶೇಕಡಾಕ್ಕಿಂತ ಇಳಿದರೆ ಟಿಎಚ್‌ಸಿ ಲಾಕ್ ಆಗಿ ಎತ್ತರ ಬದಲಿಸದಂತೆ ಇಡಿ. ಸಣ್ಣ ತೂತುಗಳಿಗೆ ಅದನ್ನು ಆಫ್ ಮಾಡಿ, ವೇಗ 60 ಶೇಕಡಾಕ್ಕೆ ಇಳಿಸಿ.

ಎಲೆಕ್ಟ್ರೋಡ್ ತುದಿಯ ಗುಳಿ ಆಳವಾದಂತೆ ಅದೇ ಎತ್ತರಕ್ಕೆ ವೋಲ್ಟೇಜ್ ಹೆಚ್ಚಾಗುತ್ತದೆ. ಸೆಟ್ ವೋಲ್ಟೇಜ್ ಹಳೆಯದೇ ಇದ್ದರೆ ಟಾರ್ಚ್ ದಿನೇದಿನೇ ಕೆಳಗೆ ಜಾರುತ್ತದೆ. ಆಗಾಗ ಗೆರೆ ಕತ್ತರಿಸಿ ಸಂಖ್ಯೆ ತಿದ್ದಿ, ಗುಳಿ 1.6 ಮಿ.ಮೀ. ತಲುಪುವ ಮುನ್ನ ಎಲೆಕ್ಟ್ರೋಡ್ ಬದಲಿಸಿ. ಕಟ್ ಶುರುವಾದ ಮೇಲೆ ಪ್ರತಿ ಸಲ ವೋಲ್ಟೇಜನ್ನು ತಾನೇ ಅಳೆದುಕೊಳ್ಳುವ ಕಂಟ್ರೋಲರ್‌ಗಳಿಗೆ ಈ ತಾಪತ್ರಯವಿಲ್ಲ. ಆದರೆ ಅಲ್ಲಿ ಮುಟ್ಟಿ ಅಳೆಯುವ ಎತ್ತರ ತಪ್ಪಿದರೆ ಇಡೀ ಕಟ್ ತಪ್ಪುತ್ತದೆ.

ಸ್ಕ್ರೀನ್ ಮೇಲಿನ ವೋಲ್ಟೇಜ್ ಚಾರ್ಟ್‌ಗಿಂತ ಎರಡು ಪಟ್ಟೋ ಅರ್ಧವೋ ಕಂಡರೆ ಟಾರ್ಚನ್ನು ದೂರಬೇಡಿ. ಪ್ಲಾಸ್ಮಾ ಯೂನಿಟ್‌ನ ಡಿವೈಡರ್ (ಆರ್ಕ್ ವೋಲ್ಟೇಜನ್ನು ತಗ್ಗಿಸಿ ಕಂಟ್ರೋಲರ್‌ಗೆ ಕೊಡುವ ಸರ್ಕ್ಯೂಟ್) ಅನುಪಾತವೂ ಕಂಟ್ರೋಲರ್‌ನಲ್ಲಿ ತುಂಬಿಸಿದ್ದೂ ಒಂದೇ ಆಗಿವೆಯೇ ನೋಡಿ: ಒಂದು ಕಡೆ 50:1, ಇನ್ನೊಂದು ಕಡೆ 20:1 ಇರುವುದು ಅಪರೂಪವೇನಲ್ಲ.