13 ಬೇರಿಂಗ್‌ನ ರೀಲ್ ಬಿಚ್ಚಿ ನೋಡಿದ ಮೇಲೆ

ಮೀನು ಹಿಡಿಯಲು ತಂದ ನನ್ನ ಮೊದಲ ಸ್ಪಿನ್ನಿಂಗ್ ರೀಲ್‌ನ (ರಾಡ್‌ಗೆ ಕಟ್ಟಿ ದಾರ ಸುತ್ತುವ ಸಾಧನ) ಡಬ್ಬದ ಮೇಲೆ ದಪ್ಪಕ್ಷರದಲ್ಲಿ ‘13+1 ಬೇರಿಂಗ್’ ಅಂತ ಇತ್ತು. ಪಕ್ಕದಲ್ಲೇ ಅದರ ಮೂರು ಪಟ್ಟು ಬೆಲೆಯ ಇನ್ನೊಂದು ರೀಲ್, ಅದರಲ್ಲಿ ಬರೀ 5. ಜಾಸ್ತಿ ದುಡ್ಡು ಕೊಟ್ಟು ಕಮ್ಮಿ ಬೇರಿಂಗ್ ತರುವುದಕ್ಕೆ ನನಗೇನು ತಲೆ ಕೆಟ್ಟಿದೆಯಾ ಅಂದುಕೊಂಡು ಅಗ್ಗದ್ದನ್ನೇ ತಂದೆ. ಹ್ಯಾಂಡಲ್ ತಿರುಗಿಸಿದರೆ ನುಣ್ಣಗಿತ್ತು ಬೇರೆ. ಹೊಸದರಲ್ಲಿ ಎಲ್ಲ ರೀಲೂ ನುಣ್ಣಗೇ, ದೂರದ ಬೆಟ್ಟದ ಹಾಗೆ.

ಕೆಲವು ತಿಂಗಳು ತೊಂದರೆ ಇರಲಿಲ್ಲ. ಒಂದು ದಿನ ಸ್ವಲ್ಪ ದೊಡ್ಡ ಮೀನು ಸಿಕ್ಕಿತು. ಅದು ಓಡಿದಾಗ ದಾರ ಸುತ್ತಿರುವ ಸ್ಪೂಲ್ ಒಂದೇ ಸಮನೆ ಲೈನ್ ಬಿಟ್ಟುಕೊಡಬೇಕು, ಸ್ಪೂಲ್‌ಗೆ ಬ್ರೇಕಿನಂತಿರುವ ಡ್ರ್ಯಾಗ್ ಇರುವುದೇ ಅದಕ್ಕೆ ಅಲ್ವಾ? ನನ್ನದು ಮೊದಲು ಬಿಗಿಯಾಗಿ ಹಿಡಿದುಕೊಂಡಿತು, ಆಮೇಲೆ ಝರ್ರನೆ ಬಿಟ್ಟಿತು, ಮತ್ತೆ ಹಿಡಿಯಿತು, ಆ ಎರಡನೇ ಹಿಡಿತಕ್ಕೆ ಲೈನ್ ಪಟ್ ಅಂತ ಹರಿಯಿತು.

ಸಿಟ್ಟಲ್ಲಿ ಮನೆಗೆ ಬಂದು ರೀಲ್ ಬಿಚ್ಚಿದೆ. ಡ್ರ್ಯಾಗ್ ಒಳಗೆ ಫೆಲ್ಟ್ ವಾಷರ್, ಒಣಗಿ ಒಂದು ಕಡೆ ಚಪ್ಪಟೆಯಾಗಿತ್ತು. ಲೈನ್ ಹಾದುಹೋಗುವ ಪುಟ್ಟ ಗಾಲಿ, ಅಂದರೆ ಲೈನ್ ರೋಲರ್, ತಿರುಗುತ್ತಲೇ ಇರಲಿಲ್ಲ. ಅದರ ಮೇಲೆ ಬ್ರೇಡ್ (ಹೆಣೆದ ಲೈನ್) ಉಜ್ಜಿ ಉಜ್ಜಿ ಕೂದಲೆಳೆಯಷ್ಟು ಗೆರೆ ಬಿದ್ದಿತ್ತು, ಉಗುರಿಂದ ಸವರಿದರೆ ತಡೆಯುತ್ತಿತ್ತು. ನನ್ನ ಲೈನ್‌ಗೆ ಯಾಕೆ ಅಷ್ಟು ಬೇಗ ಎಳೆ ಏಳುತ್ತಿತ್ತು ಅಂತ ಆಗ ಗೊತ್ತಾಯಿತು. ಹ್ಯಾಂಡಲ್ ಹಿಡಿಯಲ್ಲಿ ಬೇರಿಂಗ್ ತುರುಕಿದ್ದರು, ಆದರೆ ಎಲ್ಲಿ ಬೇಕೇ ಬೇಕೋ ಆ ರೋಲರ್‌ನಲ್ಲಿ ಇದ್ದದ್ದು ಬರೀ ಪ್ಲಾಸ್ಟಿಕ್ ಬಳೆ, ಅಂದರೆ ಬುಷ್!

ಮುಂದಿನ ಸಲ ಮಧ್ಯಮ ಬೆಲೆಯದನ್ನು ತಂದೆ. 5+1 ಬೇರಿಂಗ್, ಆ +1 ಅಂದರೆ ಹ್ಯಾಂಡಲ್ ಹಿಂದಕ್ಕೆ ತಿರುಗದ ಹಾಗೆ ತಡೆಯುವ ರೋಲರ್ ಕ್ಲಚ್. ಒಂದು ಬೇರಿಂಗ್ ಲೈನ್ ರೋಲರ್‌ನಲ್ಲೇ ಇತ್ತು. ಡ್ರ್ಯಾಗ್‌ಗೆ ಕಾರ್ಬನ್ ವಾಷರ್. ಹ್ಯಾಂಡಲ್ ನೇರವಾಗಿ ಗೇರ್‌ಗೇ ತಿರುಪಿನ ಹಾಗೆ ಕೂರುತ್ತದೆ, ಅಲ್ಲಾಡುವುದಿಲ್ಲ. ಹಳೆಯದರಲ್ಲಿ ಭಾರದ ಮೀನು ಎಳೆದರೆ ಪ್ಲಾಸ್ಟಿಕ್ ಮೈ ಸ್ವಲ್ಪ ಬಾಗಿ ಗೇರ್ ಕರಕರ ಅನ್ನುತ್ತಿತ್ತು, ಲೋಹದ ಮೈಯ ಇದರಲ್ಲಿ ಆ ಸದ್ದಿಲ್ಲ. ಎರಡರ ಗೇರ್ ಅನುಪಾತವೂ 5.2:1, ಅಂದರೆ ಹ್ಯಾಂಡಲ್ ಒಂದು ಸುತ್ತಿಗೆ ಸ್ಪೂಲ್‌ಗೆ ಲೈನ್ ಸುತ್ತುವ ರೋಟರ್ 5.2 ಸುತ್ತು. ಹಾಗಾಗಿ ಸ್ಪೀಡ್‌ನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ.

ಒಂದು ತಪ್ಪು ಮಾಡಿದೆ. ದೊಡ್ಡದಿದ್ದರೆ ಒಳ್ಳೆಯದು ಅಂತ ಈ ಹೊಸ ರೀಲನ್ನು 4000 ಸೈಜ್‌ನಲ್ಲಿ ತಂದೆ (ನಂಬರ್ ದೊಡ್ಡದಾದಷ್ಟೂ ರೀಲ್ ದೊಡ್ಡದು). ದಿನವಿಡೀ ಲ್ಯೂರ್ (ನಕಲಿ ಎರೆ) ಎಸೆದು ಮಣಿಕಟ್ಟು ಹಿಡಿದುಕೊಂಡಿತು. ನನ್ನ ಹಗುರ ರಾಡ್‌ಗೆ 2500 ಸಾಕಿತ್ತು, ಕೊನೆಗೆ ಬದಲಾಯಿಸಿಕೊಂಡೆ.

ಹಳೆಯದನ್ನು ಎಸೆಯಲಿಲ್ಲ. ಕಾರ್ಬನ್ ವಾಷರ್ ಹಾಕಿದೆ, ರೋಲರ್ ಬದಲಿಸಿ ಅಳತೆಗೆ ಸರಿಯಾದ ಒಂದು ಬೇರಿಂಗ್ ಕೂರಿಸಿದೆ. ಡ್ರ್ಯಾಗ್ ಈಗ ಒಂದೇ ಸಮ ಬಿಡುತ್ತದೆ. ಗೇರ್ ಮಾತ್ರ ಹಾಗೇ ಇದೆ, ಅದಕ್ಕೆ ಮದ್ದಿಲ್ಲ. ಎರೆ ಹಾಕಿ ತಳಕ್ಕೆ ಬಿಟ್ಟು ಕಾಯುತ್ತಾ ಕೂರುವುದಕ್ಕೆ ಅದೇ ರೀಲ್. ಅಲ್ಲಿ ಗಂಟೆಗೆ ಎರಡು ಸಲ ಸುತ್ತಿದರೆ ಹೆಚ್ಚು, ಸುಮ್ನೆ ಯಾಕೆ ದುಬಾರಿ ರೀಲ್‌ಗೆ ಮಣ್ಣು ಮೆತ್ತಿಸುವುದು? ನೂರಾರು ಸಲ ಎಸೆದು ಸುತ್ತುವ ಲ್ಯೂರ್ ಕೆಲಸಕ್ಕೆ ಮಾತ್ರ ಹೊಸದು.

ಎರಡಕ್ಕೂ ಡ್ರ್ಯಾಗ್ ಬಿಗಿ ಮಾಡುವಾಗ ತೂಗುವ ಸ್ಪ್ರಿಂಗ್ ತಕ್ಕಡಿಗೆ ಲೈನ್ ಕಟ್ಟಿ ಎಳೆದು ನೋಡುತ್ತೇನೆ. 10 ಪೌಂಡ್ ಎಳೆತ ತಡೆಯುವ ಲೈನ್‌ಗೆ ಸುಮಾರು ಒಂದೂಕಾಲು ಕಿಲೋಗೆ ಸ್ಪೂಲ್ ತಿರುಗಬೇಕು. ಮನೆಗೆ ಬಂದ ಮೇಲೆ ಡ್ರ್ಯಾಗ್ ಸಡಿಲ ಬಿಟ್ಟು ಇಡುತ್ತೇನೆ, ಇಲ್ಲದಿದ್ದರೆ ವಾಷರ್ ಒತ್ತಿಕೊಂಡೇ ಇರುತ್ತದೆ. ಮೊದಲ ರೀಲ್‌ಗೆ ಇದನ್ನು ನಾನು ಒಂದು ದಿನವೂ ಮಾಡಿರಲಿಲ್ಲ. ಆ ಮೀನು ಹೋದದ್ದರಲ್ಲಿ ನನ್ನ ಪಾಲೂ ಇದೆ.